ಕೆಂಪು ನೆಲಕ್ಕೆ ಹೊದಿಸಿದ ರಟ್ಟು

ಕುರಿಚಿಯ ನಮ್ಮ ಮನೆಯ ಅಡುಗೆಕೋಣೆಯನ್ನು ಒಡೆದು ದೊಡ್ಡದು ಮಾಡುವುದೆಂದು ತೀರ್ಮಾನವಾದಾಗ ನಾನು ಕೇಳಿಕೊಂಡದ್ದು ಒಂದೇ: ನಡುಮನೆಯ ನೆಲ ಮುಟ್ಟಬೇಡಿ. ಅದು ಕೆಂಪು ಗಾರೆಯ ನೆಲ. ಮೊದಲು ಅಲ್ಲಿ ಮಾವನವರ ಗುಂಡಿಮಗ್ಗವಿತ್ತು. ಮಗ್ಗ ತೆಗೆದ ಮೇಲೆ ಗುಂಡಿ ಮುಚ್ಚಿಸಿ, ತಾವೇ ನಿಂತು ಆ ನೆಲ ಹಾಕಿಸಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿದ ಬಟ್ಟೆಯಿಂದ ಅದನ್ನು ಉಜ್ಜುವುದು ಕಲಿಸಿದರು. ಅವರು ಹೋದ ಮೇಲೂ ನಾನು ಬಿಡಲಿಲ್ಲ. ಮುಖ ಕಾಣುವಷ್ಟು ಹೊಳೆಯುತ್ತಿತ್ತು.

ನನ್ನ ಗಂಡನಿಗೆ ಟೈಲ್ಸಿನ ಆಸೆ. "ಈಗ ಯಾರ ಮನೇಲಿದೆ ಇಂಥ ತರೆ?" ಅನ್ನುತ್ತಿದ್ದರು. ನೆಲಕ್ಕೆ ನಾವು ತರೆ ಅಂತಲೇ ಅನ್ನುವುದು; ನಮ್ಮ ಮನೆಯ ಕನ್ನಡದಲ್ಲಿ ಅರ್ಧ ತಮಿಳು. ಬೇಡವೇ ಬೇಡ ಎಂದೆ. "ಸರಿ ಬಿಡು, ನಿನ್ನಿಷ್ಟ" ಅಂದರು.

ಕೆಲಸ ಶುರುವಾಗುವ ಮುಂಚೆ ಎರಡು ದಿನ ನಾನೊಬ್ಬಳೇ ನೆಲಕ್ಕೆ ಹೊದಿಸಿದೆ. ಒಂದು ಹರಳು ಉಳಿದರೂ ಗೀರು ಬೀಳುತ್ತದೆಂದು ಮೂರು ಸಲ ಗುಡಿಸಿದೆ. ಮೇಲೆ ಹಳೆಯ ಜಮಖಾನ, ಅದರ ಮೇಲೆ ಪಂಪು ಮಾರುವ ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಹಾಸಿದೆ, ಎಲ್ಲಕ್ಕೂ ಮೇಲೆ ಟಾರ್ಪಾಲು. ಟೇಪು ನೆಲಕ್ಕೆ ತಾಗಿದರೆ ಹೊಳಪು ಕಿತ್ತು ಬರುತ್ತದೆಂದು ರಟ್ಟಿಗೆ ರಟ್ಟನ್ನೇ ಅಂಟಿಸಿದೆ. ಮರದ ಬೀರುವಿಗೆ, ಮಲಗುವ ಕಟ್ಟಿಲಿಗೆ ಅತ್ತೆಯ ಹತ್ತಿ ಸೀರೆ ಸುತ್ತಿದೆ.

ಕೆಲಸ ಶುರುವಾದ ಮೂರನೆಯ ದಿನ ತೊಂಡಾಮುತ್ತೂರಿಗೆ ಕೊಟ್ಟ ಮಗಳು ಫೋನ್ ಮಾಡಿದಳು. "ಆ ದೂಳಲ್ಲಿ ಯಾಕಮ್ಮಾ ಕೆಮ್ಮುತ್ತಾ ಕೂತಿದ್ದೀಯ? ನಾಲ್ಕು ದಿನ ಇಲ್ಲಿ ಬಂದಿರು. ಅಪ್ಪ ನೋಡ್ಕೊಳ್ತಾರೆ."

ಹೋದೆ. ಅವಳು ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದಳು, ನನಗಿಷ್ಟವೆಂದು ಹುರುಳಿ ಸಾರು ಮಾಡಿದಳು. ಹೆತ್ತದ್ದು ಸಾರ್ಥಕವಾಯಿತು ಅಂದುಕೊಂಡೆ.

ಹೋದ ಐದನೆಯ ದಿನ ಮಧ್ಯಾಹ್ನ ಬಸ್ಸಿಳಿದು ಬಂದೆ. ನಡುಮನೆಯಲ್ಲಿ, ಬರಿನೆಲದ ಮೇಲೆ, ಸಿಮೆಂಟು ಕಲಸಿದ್ದರು. ಗುದ್ದಲಿಯಿಂದ ಕೆರೆದ ಗುರುತುಗಳು ಗೋಡೆಯಿಂದ ಗೋಡೆಗೆ ಹರಿದಿದ್ದವು. ಒಂದು ಕಡೆ ಚಕ್ಕೆ ಎದ್ದಿತ್ತು. ಬೀರುವಿಗೆ ಸುತ್ತಿದ ಸೀರೆ ಮಾತ್ರ ಹಾಗೇ ಇತ್ತು. ಹಾಸಿದ್ದ ರಟ್ಟು ಎಲ್ಲಿ ಎಂದು ಹುಡುಕಿದರೆ, ಹಿತ್ತಲಲ್ಲಿ ನೀಟಾಗಿ ಮಡಿಸಿ ಹಗ್ಗ ಕಟ್ಟಿ ಇಟ್ಟಿದ್ದರು.

ಮೇಸ್ತ್ರಿಯ ಮೇಲೆ ಕೂಗಾಡಿದೆ. ಅವರು ಬೆಪ್ಪಾಗಿ ನಿಂತರು. "ಐಯಾ ತಾನುಂಗಕ್ಕಾ ಎಡುಕ್ಕ ಸೊನ್ನಾರು!" ತೆಗೆಯಲು ಹೇಳಿದ್ದು ನನ್ನ ಗಂಡನೇ. ಹೇಗೂ ಟೈಲ್ಸ್ ಬರುತ್ತದಲ್ಲ, ಆಮೇಲೆ ಈ ನೆಲಕ್ಕೆ ಏನಾದರೇನು ಅಂದರಂತೆ. ನನಗೆ ಎಲ್ಲ ಗೊತ್ತಿದೆ ಎಂದೇ ತಿಳಿದಿದ್ದ ಮೇಸ್ತ್ರಿ ಮುಂದುವರಿಸಿದರು: ಟೈಲ್ಸಿನ ಬಣ್ಣ ಆರಿಸಿದ್ದು ನಿಮ್ಮ ಮಗಳೇ, ಹೋದ ತಿಂಗಳೇ.

ಹೋದ ತಿಂಗಳು. ನಾನು ಇನ್ನೂ ರಟ್ಟು ಕೂಡಿಸುತ್ತಿದ್ದೆ. ಬಗ್ಗಿ ಹಾಸುತ್ತಿದ್ದಾಗ ಗಂಡ ಒಮ್ಮೆ ಬಂದು ಟಾರ್ಪಾಲಿನ ತುದಿ ಹಿಡಿದುಕೊಟ್ಟಿದ್ದರು.

ಸಂಜೆ ಅವರು ಬಂದರು. "ಆಳುಗಳು ಹಾಳು ಮಾಡ್ಬಿಟ್ರು ನೋಡು. ಇನ್ನು ಟೈಲ್ಸ್ ಹಾಕದೆ ವಿಧಿ ಇಲ್ಲ."

"ಮೇಸ್ತ್ರಿ ಎಲ್ಲ ಹೇಳಿದ್ರು" ಅಂದೆ.

ಚಪ್ಪಲಿ ಬಿಡುತ್ತಿದ್ದವರು ತಲೆ ಎತ್ತಲಿಲ್ಲ. "ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಕೇಳಿದ್ರಿ. ಬೇಡ ಅಂದಿದ್ದೆ."

ಟೈಲ್ಸ್ ಬಂತು. ತಿಳಿ ಕಂದು ಬಣ್ಣ. ಮುಂದಿನ ಭಾನುವಾರ ಮಗಳು ಬಂದು, ನೆಲ ನೋಡದೆ ನನ್ನ ಮುಖ ನೋಡಿ ಅತ್ತಳು. "ನಿನ್ನ ಒಳ್ಳೇದಕ್ಕೇ ಅಂತ ಅಪ್ಪ ಹೇಳಿದ್ರಮ್ಮಾ." ಕೈ ತೊಳೆದು ಬಾ ಎಂದು ಅವಳಿಗೆ ಬಡಿಸಿದೆ. ಅವಳಪ್ಪನಿಗೂ ಬಡಿಸಿದೆ. ಇಬ್ಬರೂ ತಲೆ ತಗ್ಗಿಸಿ ಉಂಡರು. ಸಾಕೇ, ಇನ್ನೂ ಬೇಕೇ ಎಂದು ನಾನು ಕೇಳಲಿಲ್ಲ.