ಗುಡ್ಡದ ಬಂಗಲೆಯ ತಡೆಗೋಡೆ

ನಮ್ಮಪ್ಪ ಗೌಂಡಿ. ಕಮಲಾಪುರದ ಸುತ್ತಿನ ಊರುಗಳಲ್ಲಿ ನಲವತ್ತು ವರ್ಷ ಕಲ್ಲಿನ ಗೋಡೆ ಕಟ್ಟಿದವನು. ನಾನು ಓದಿ, ಕಲಬುರಗಿಯ ಸೇಡಂ ರಸ್ತೆಯ ಒಂದು ಆಫೀಸಿನಲ್ಲಿ ಮನೆಗಳ ನಕ್ಷೆ ತೆಗೆಯುವ ಕೆಲಸಕ್ಕೆ ಸೇರಿದಾಗ ಅವನು ಕಂಡಕಂಡವರಿಗೆಲ್ಲ ಹೇಳಿದ್ದ: ‘ನಾ ಕಟ್ಟೂದನ್ನ ನನ್ನ ಮಗಳು ಕಾಗದದಾಗ ಬರೀತಾಳ.’

ಕೆಲವು ವರ್ಷಗಳ ಹಿಂದೆ ಕಮಲಾಪುರದಾಚೆ ಗುಡ್ಡದ ಇಳಿಜಾರು ಕೊಂಡಿದ್ದ ಸಾಹುಕಾರನೊಬ್ಬ ನಮ್ಮಲ್ಲಿಗೆ ಬಂದ. ಅವನ ಲೇಔಟಿಗೆ ಬ್ರಿಟಿಷರ ಕಾಲದ ಬಂಗಲೆಗಳಂಥ ಮನೆಗಳೇ ಬೇಕಿದ್ದವು. ಎತ್ತರದ ಬಿಳಿ ಕಂಬಗಳು, ಅವುಗಳ ಮೇಲೆ ತ್ರಿಕೋನದ ಮುಖ, ಸಣ್ಣ ಸಣ್ಣ ಗಾಜಿನ ಚೌಕಗಳ ಕಿಟಕಿ. ನಮ್ಮ ಸೀಮೆಯನ್ನು ಆಳಿದವನು ನಿಜಾಮ. ಬ್ರಿಟಿಷರ ಬಂಗಲೆಯ ನೆನಪು ಇಲ್ಲಿ ಯಾರ ಅಜ್ಜನಿಗೂ ಇರಲಿಲ್ಲ. ಆದರೂ ರಸ್ತೆಬದಿಯಲ್ಲಿ ‘ಹಳೆಯ ವೈಭವ ಮರಳಿದೆ’ ಎಂಬ ಬೋರ್ಡು ಎದ್ದಿತು.

ನಕ್ಷೆ ತೆಗೆದವಳು ನಾನು. ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ ಮೊದಲ ಮಾದರಿ ಬಂಗಲೆ. ಹಿಂದಿನ ಮಣ್ಣು ಜಾರದಂತೆ ಉದ್ದನೆಯ ತಡೆಗೋಡೆ. ಅದನ್ನು ಕಟ್ಟಲು ಅಪ್ಪನನ್ನು ಕರೆಸಿದವಳೂ ನಾನೇ.

ಮಣ್ಣಿನೊಳಗಿನ ನೀರು ಹೊರಗೆ ಹೋಗಲೆಂದು ನಕ್ಷೆಯಲ್ಲಿ ಗೋಡೆಯುದ್ದಕ್ಕೂ ತೂತುಗಳನ್ನು ತೋರಿಸಿದ್ದೆ. ಸಾಹುಕಾರ ಅವುಗಳ ಮೇಲೆ ಬೆರಳಿಟ್ಟ.

‘ಇವು ಯಾಕ್ರೀ ಮೇಡಂ? ಬಿಳಿ ಗ್ವಾಡಿ ಮ್ಯಾಲ ಕೆಂಪು ನೀರು ಸೋರಿ ಕಲಿ ಬೀಳ್ತದ. ತಗೀರಿ.’

‘ಬೇಕಾಗ್ತಾವ್ರೀ’ ಎಂದೆ. ಒಂದೇ ಸಲ. ನಮ್ಮ ಆಫೀಸಿನ ಯಜಮಾನರು ನನ್ನತ್ತ ನೋಡದೆಯೇ, ‘ತಗದುಬಿಡವ್ವಾ, ವಾದ ಯಾಕ’ ಎಂದರು. ತೆಗೆದುಬಿಟ್ಟೆ.

ವಾರದ ನಂತರ ಗುಡ್ಡದಿಂದ ಅಪ್ಪನ ಫೋನು ಬಂತು.

‘ಯವ್ವಾ, ನೀರು ಹೋಗಲಾಕ ದಾರೀನೇ ಬಿಟ್ಟಿಲ್ಲಲ್ಲ ಇದರಾಗ?’

‘ಹಂಗೇ ಕಟ್ಟಪ್ಪಾ. ಇಂಜಿನಿಯರು ಎಲ್ಲಾ ನೋಡ್ಯಾರ.’

ಯಾವ ಇಂಜಿನಿಯರೂ ನೋಡಿರಲಿಲ್ಲ. ಅಪ್ಪ, ‘ನೀ ಬರದೀದಿ ಅಂದ್ರ ಬರೋಬ್ಬರೇ ಇರ್ತದ ಬಿಡು’ ಎಂದ.

ಎರಡನೆಯ ಮಳೆಗಾಲದಲ್ಲಿ ಮೂರು ದಿನ ಬಿಡದೆ ಸುರಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಗೋಡೆ ಹೊಟ್ಟೆ ಒಡೆದುಕೊಂಡು ಬಿತ್ತು. ಬಂಗಲೆಯ ಹಿಂದಿನ ವರಾಂಡದ ಎರಡು ಕಂಬಗಳೂ ಮುರಿದವು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಆಫೀಸಿನಿಂದ ನಾವು ಹೋಗುವಷ್ಟರಲ್ಲಿ ಸಾಹುಕಾರ ಅಪ್ಪನನ್ನು ಕರೆಸಿ ಕೆಸರಿನಲ್ಲಿ ನಿಲ್ಲಿಸಿದ್ದ. ಸುತ್ತ ಕೂಲಿಯವರು, ಮನೆ ನೋಡಲು ಬಂದವರು.

‘ಹಿಂಥಾ ಮುದುಕನ ಕೈಲಿ ಕಟ್ಟಿಸಿದ್ದೇ ತಪ್ಪಾತು’ ಎಂದು ಎಲ್ಲರಿಗೂ ಕೇಳುವಂತೆ ಕೂಗಿದ.

ಅಪ್ಪ ನನ್ನನ್ನು ನೋಡಿದ. ನಕ್ಷೆಯ ಸುರುಳಿ ನನ್ನ ಕಂಕುಳಲ್ಲೇ ಇತ್ತು. ನಾನು ನೆಲ ನೋಡಿದೆ. ಆಗ ಅಪ್ಪ, ‘ಹೌದ್ರೀ, ನಂದೇ ತಪ್ಪು. ಕಣ್ಣು ಮಂಜಾಗ್ಯಾವ’ ಎಂದ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತಾಗ ಹೇಳಿದೆ: ‘ಅಪ್ಪಾ, ತೂತು ತಗದಾಕಿ ನಾನೇ.’

‘ಗೊತ್ತದ. ನಾ ಇನ್ನೆಷ್ಟು ಗ್ವಾಡಿ ಕಟ್ಟಾಂವ? ನಿನ್ನ ನೌಕರಿ ಹೋಗಬಾರದು.’ ಆಮೇಲೆ ಕಿಟಕಿಯತ್ತ ತಿರುಗಿ ಹೇಳಿದ, ‘ಖರೇ, ಫೋನಿನಾಗ ನೀ ನನಗ ಸುಳ್ಳು ಹೇಳಬಾರದಿತ್ತು.’

ಆಮೇಲೆ ಅವನನ್ನು ಒಂದು ಕಟ್ಟೆ ಕಟ್ಟಲೂ ಯಾರೂ ಕರೆಯಲಿಲ್ಲ. ಗೋಡೆ ಮತ್ತೆ ಎದ್ದಿತು, ಈ ಸಲ ತೂತುಗಳ ಸಮೇತ. ಆ ನಕ್ಷೆಯನ್ನೂ ನಾನೇ ತೆಗೆದೆ. ಬಂಗಲೆಗಳೆಲ್ಲ ಮಾರಾಟವಾದವು. ಪಶ್ಚಿಮಕ್ಕೆ ಮುಖ ಮಾಡಿದ ಆ ಚಂದದ ಕಿಟಕಿಗಳಿಗೆ ಬೇಸಿಗೆಯಲ್ಲಿ ಜನ ದಪ್ಪ ಪರದೆ ಎಳೆದು, ಏಸಿ ಹಾಕಿಕೊಂಡು ಕೂರುತ್ತಾರೆ. ಆಫೀಸಿನಲ್ಲಿ ನನಗೆ ಬಡ್ತಿ ಸಿಕ್ಕಿತು.

ಕಳೆದ ವರ್ಷ ಧೈರ್ಯ ಮಾಡಿದೆ. ಕಮಲಾಪುರದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕೆಲಸಕ್ಕೆ ಕಾಯುತ್ತ ಕೂರುವ ಗೌಂಡಿಗಳ ಬಳಿ ಹೋಗಿ, ತಪ್ಪು ಅಪ್ಪನದಲ್ಲ, ನನ್ನದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಚಹಾದ ಲೋಟ ಹಿಡಿದು ತಾಳ್ಮೆಯಿಂದ ಕೇಳಿದರು. ಅವರಲ್ಲಿ ಹಿರಿಯನಾದವನು ತಲೆಯಾಡಿಸಿ ಉಳಿದವರ ಕಡೆ ತಿರುಗಿದ.

‘ಅಪ್ಪನ ಮಾನ ಉಳಸಲಾಕ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾಳ. ಮಗಳು ಅಂದ್ರ ಹಿಂಗಿರಬೇಕು ನೋಡ್ರಿ.’