ಬಂದರಿನ ಅಕ್ಕನ ಕೈರುಚಿ

ಮಂಗಳವಾರ ಪ್ರವಾಸಿ ಹಡಗು ಬರುವ ದಿನ. ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಸಂಜೆ ನಾಲ್ಕಕ್ಕೆ ಹೊರಟೇಬಿಡುತ್ತದೆ. ಅಷ್ಟರೊಳಗೆ ಅದರಲ್ಲಿ ಬಂದವರು ಊರು ನೋಡಬೇಕು, ಫೋಟೋ ತೆಗೆಯಬೇಕು, ಅದೂ ಸಾಲದೆಂದು ಅಪ್ಪಟ ಊರಿನ ಊಟ ಹುಡುಕಿ ಉಣ್ಣಬೇಕು. ಹಡಗಿನೊಳಗೆ ಬಗೆಬಗೆಯ ಊಟ ರಾಶಿ ಬಿದ್ದಿರುತ್ತದಂತೆ. ಅದನ್ನು ಬಿಟ್ಟು ಗೋದಾಮುಗಳ ಹಿಂದಿನ ಓಣಿಗೆ ಮೂಗು ಮುಚ್ಚಿಕೊಂಡು ಬರುತ್ತಾರೆ. ಹಳದಿ ಬಾವುಟ ಹಿಡಿದ ಗೈಡು ಮುಂದೆ, ಇವರು ಹಿಂದೆ. ಓಣಿಯ ಕೊನೆಯಲ್ಲಿ ಅಕ್ಕನ ಊಟದ ಮನೆ.

ಬಂದರಿನವರಿಗೆಲ್ಲ ಅವಳು ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಅಕ್ಕನೇ. ಇಪ್ಪತ್ತೆಂಟು ವರ್ಷ ಅದೇ ಒಲೆಯ ಮುಂದೆ ನಿಂತವಳು. ಮುಂದಿನ ಕೋಣೆ ಗಂಡನದು. ಬಡಿಸುವುದು, ಮಾತಾಡಿಸುವುದು, ಜಗಳ ಬಿಡಿಸುವುದು ಅವನ ಕೆಲಸ. ಹಿಂದಿನ ಅಡುಗೆಮನೆ ಇವಳದು. ಉಂಡವರಲ್ಲಿ ಮುಕ್ಕಾಲು ಜನ ಪರದೆಯ ಕೆಳಗೆ ಅವಳ ಕಾಲು ಕಂಡಿದ್ದರೇ ಹೊರತು ಮುಖ ಕಂಡವರಲ್ಲ. "ಮುಖ ಯಾಕ್ರೋ ನಿಮಗೆ, ಕೈ ಇದೆಯಲ್ಲ ತಟ್ಟೇಲಿ," ಎನ್ನುತ್ತಿದ್ದ ಗಂಡ. ಅವಳು ಒಳಗೇ ನಗುತ್ತಿದ್ದಳು. ಓದಿಲ್ಲ, ಅಂಥ ಚೆಲುವೆಯೂ ಅಲ್ಲ, ನಾಲ್ಕು ಜನರೆದುರು ಮಾತು ಹೊರಡುವುದಿಲ್ಲ. ತನ್ನದೆಂದು ಹೇಳಿಕೊಳ್ಳಲು ಅವಳಿಗೆ ಕೈರುಚಿ ಒಂದಿತ್ತು.

ಮೂರು ವರ್ಷದ ಹಿಂದೆ ಇಬ್ಬರಿಗೂ ಜ್ವರ ಬಂತು. ಗಂಡನನ್ನು ಒಯ್ದಿತು, ಇವಳನ್ನು ಬಿಟ್ಟಿತು. ಬಿಡುವಾಗ ಮೂಗು ನಾಲಿಗೆ ಎರಡನ್ನೂ ಕಿತ್ತುಕೊಂಡು ಹೋಯಿತು. ಆರು ತಿಂಗಳಲ್ಲಿ ಸರಿಹೋಗುತ್ತದೆ ಎಂದರು ಡಾಕ್ಟರು. ವರ್ಷ ಕಳೆಯಿತು. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದರೆ ಏನೂ ಇಲ್ಲ. ನಾಲಿಗೆಯ ಮೇಲೆ ಉಪ್ಪು ಇಟ್ಟರೆ ಬರೀ ಮರಳು.

ಯಾರಿಗೂ ಹೇಳಲಿಲ್ಲ. ಟೈಲರ್ ಅಂಗಡಿಯ ಕೆಲಸ ಬಿಟ್ಟು ಬಡಿಸಲು ನಿಂತ ಮಗಳಿಗೂ ಹೇಳಲಿಲ್ಲ. ಹೇಳಿದರೆ ಅವಳು ಒಲೆ ಆರಿಸಿ ಬಾಗಿಲು ಹಾಕಿಯಾಳು ಎಂಬ ಭಯ. ಹುಟ್ಟಿದಾಗಿನಿಂದ ಅಳತೆ ಕಾಣದ ಕೈ ಈಗ ಚಮಚ ಹಿಡಿಯಿತು. ಈರುಳ್ಳಿಯ ಬಣ್ಣ ನೋಡಿ, ಎಣ್ಣೆಯ ಸದ್ದು ಕೇಳಿ, ಕಾಲು ಚಮಚ ಅರ್ಧ ಚಮಚ ಎಂದು ಲೆಕ್ಕ ಹಾಕಿ, ಕುರುಡರು ಗೋಡೆ ತಡವಿದ ಹಾಗೆ ಅಡುಗೆ ಮಾಡತೊಡಗಿದಳು.

ಬಂದರಿನವರು ಒಬ್ಬೊಬ್ಬರಾಗಿ ಜಾರಿಕೊಂಡರು. ಒಬ್ಬನಿಗೆ ಹೆಂಡತಿ ಬುತ್ತಿ ಕಟ್ಟಿಕೊಡಲು ಶುರುಮಾಡಿದಳಂತೆ, ಇನ್ನೊಬ್ಬನಿಗೆ ಪಾಳಿ ಬದಲಾಯಿತಂತೆ. ಎಲ್ಲರಿಗೂ ಒಂದೊಂದು ನೆಪ. ಮುಖಕ್ಕೆ ಹೊಡೆದ ಹಾಗೆ ಒಬ್ಬರಾದರೂ ಹೇಳಿದ್ದರೆ ಚೆನ್ನಾಗಿತ್ತು. ಕೊನೆಗೆ ಉಳಿದವನು ಕ್ರೇನ್ ಓಡಿಸುವ ಮುದುಕನೊಬ್ಬ. ಒಂದು ಮಧ್ಯಾಹ್ನ ಅವನ ತಟ್ಟೆಯೂ ಅರ್ಧಕ್ಕೇ ಒಳಗೆ ಬಂತು. ಅಕ್ಕ ಪರದೆ ಸರಿಸಿ ಹೊರಗೆ ಬಂದಳು.

"ನಿಜ ಹೇಳು. ಊಟ ಮೊದಲಿನ ಹಾಗಿದೆಯಾ?"

"ಇದೆಯಲ್ಲಕ್ಕ. ನನ್ನ ಹೊಟ್ಟೇನೇ ಸರಿ ಇಲ್ಲ."

"ನನ್ನ ಮೇಲಾಣೆ?"

"ಊಟದ ಮುಂದೆ ಆಣೆಗೀಣೆ ಎಲ್ಲ ಯಾಕಕ್ಕ," ಎಂದ ಅವನು, ನೆಲ ನೋಡುತ್ತ. ಮಾರನೆಯ ದಿನದಿಂದ ಅವನೂ ಬರಲಿಲ್ಲ.

ಆಗ ಸಿಕ್ಕಿದವನು ಈ ಗೈಡು. "ಹಡಗಿನೋರಿಗೆ ಈ ಮಸಿ ಹಿಡಿದ ಗೋಡೇನೇ ಬೇಕು ಅಕ್ಕ. ಸುಣ್ಣ ಗಿಣ್ಣ ಹೊಡೆಸಿಬಿಟ್ಟೀರಿ," ಎಂದ. ಬಂದವರಿಗೆಲ್ಲ ಇದು ಏಳು ತಲೆಮಾರಿನ ಅಡುಗೆಯೆಂದು ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳುತ್ತಿದ್ದ. ಅಕ್ಕ ಮದುವೆಯಾದ ಹೊಸತರಲ್ಲಿ ಎರಡು ಸಲ ಸೀಯಿಸಿ, ಪಕ್ಕದ ಮನೆಯಾಕೆಯಿಂದ ಬೈಸಿಕೊಂಡು ಕಲಿತ ಅಡುಗೆ ಅದು. ಹಡಗಿನವರು ಕಣ್ಣು ಮುಚ್ಚಿ ಉಂಡು, ಆಹಾ ಎಂದು ಬಾಯಿ ಚಪ್ಪರಿಸುತ್ತಿದ್ದರು. ಅಕ್ಕ ನಂಬಿದಳು. ಮುಳುಗುತ್ತಿದ್ದವಳು ನಂಬದೆ ಏನು ಮಾಡಿಯಾಳು?

ಒಂದು ಮಂಗಳವಾರ ಗಡಿಬಿಡಿಯಲ್ಲಿ ಎರಡು ಸಲ ಉಪ್ಪು ಹಾಕಿಬಿಟ್ಟಳು. ಗೊತ್ತಾದಾಗ ತಟ್ಟೆಗಳು ಹೊರಗೆ ಹೋಗಿಯಾಗಿತ್ತು. ಪರದೆಯ ಸಂದಿಯಿಂದ ನೋಡಿದಳು. ಅವರು ಮೂರು ಮೂರು ಲೋಟ ನೀರು ಕುಡಿದು, ಊರಿನ ರುಚಿ ಅಂದರೆ ಹೀಗೆ ಖಡಕ್ಕಾಗಿರಬೇಕು ಎಂದು ಅದೇ ಆಹಾ ಅಂದರು. ಅವತ್ತು ಅವಳು ಪಾತ್ರೆ ತೊಳೆಯುತ್ತ ಅತ್ತಳು. ಕ್ರೇನಿನವನ ಹೊಟ್ಟೆ ನಿಜವಾಗಿಯೂ ಕೆಟ್ಟಿದ್ದಿರಬಹುದು ಎಂಬ ಆಸೆಯೊಂದನ್ನು ಮಾತ್ರ ಬಿಡಲಿಲ್ಲ.

ಆಮೇಲೊಂದು ಮಂಗಳವಾರ, ಗೈಡಿನ ಗುಂಪು ಹೊರಟುಹೋದ ಮೇಲೆ, ಟೋಪಿ ಹಾಕಿದ ಮುದುಕರೊಬ್ಬರು ಒಬ್ಬರೇ ಬಂದು ಕೂತರು. ಮಗಳ ಹತ್ತಿರ ತಾವಾಗಿಯೇ ಮಾತು ತೆಗೆದರು.

"ನಾನು ಸಾಮಾನಿನ ಹಡಗಲ್ಲಿ ಇಂಜಿನ್ ಕೆಲಸಕ್ಕಿದ್ದೆ. ಇಪ್ಪತ್ತು ವರ್ಷದ ಹಿಂದೆ ತಿಂಗಳಿಗೊಂದು ಸಲ ಇಲ್ಲೇ ಊಟ. ಈಗ ಅಳಿಯ ಟಿಕೆಟ್ ಮಾಡಿಸಿ ಕಳಿಸಿದ್ದಾನೆ, ನಾಲ್ಕು ಬಂದರು ದಾಟಿ ಬಂದೆ. ಎಲ್ಲೂ ಇಳೀಲಿಲ್ಲಮ್ಮ. ಇಲ್ಲಿಗೋಸ್ಕರ ಹಸಿವು ಉಳಿಸಿಕೊಂಡಿದ್ದೆ."

ಪರದೆಯ ಹಿಂದೆ ಅಕ್ಕ ಸೌಟು ಕೆಳಗಿಟ್ಟಳು. ತನ್ನ ರುಚಿ ಗೊತ್ತಿರುವ ನಾಲಿಗೆ ಬಂದಿದೆ. ಮಾಡಿಟ್ಟಿದ್ದನ್ನು ಪಕ್ಕಕ್ಕಿಟ್ಟು, ಹೊಸದಾಗಿ ಮೀನು ಕೊಯ್ದು ಸಾರಿಗಿಟ್ಟಳು. ಚಮಚಗಳನ್ನು ಮುಟ್ಟಲಿಲ್ಲ. ಕಣ್ಣು ಮುಚ್ಚಿ, ಕೈ ತಾನಾಗಿಯೇ ಎಷ್ಟು ತೆಗೆಯಿತೋ ಅಷ್ಟು ಹಾಕಿದಳು. ಮಗಳ ಕೈಗೆ ತಟ್ಟೆ ಕೊಟ್ಟು ಸಂದಿಗೆ ಕಣ್ಣಿಟ್ಟಳು.

ಮೊದಲ ತುತ್ತಿಗೆ ಮುದುಕರ ಕೈ ತಟ್ಟೆಯಲ್ಲೇ ನಿಂತಿತು. ಎರಡನೆಯದನ್ನು ನಿಧಾನವಾಗಿ ಅಗಿದರು. ಆಮೇಲೆ, ಯಾರ ಮನಸ್ಸೂ ನೋಯಬಾರದೆಂಬಂತೆ, ಒಂದಗುಳೂ ಬಿಡದೆ ಉಂಡರು. ಕೈ ತೊಳೆದು ಅಡುಗೆಮನೆಯ ಬಾಗಿಲಿಗೆ ಬಂದರು.

"ಈಗ ಅಡುಗೆ ನಿಮ್ಮದಾ ತಾಯಿ?"

"ಹೌದು."

"ಚೆನ್ನಾಗಿತ್ತು. ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ಮೊದಲು ಇಲ್ಲಿ ಯಜಮಾನರ ಹೆಂಡತಿ ಅಡುಗೆ ಮಾಡ್ತಿದ್ರು. ಅವರು ಇಲ್ವಾ?"

ಮಗಳು ಏನೋ ಹೇಳಲು ಬಾಯಿ ತೆರೆದಳು. ಅಕ್ಕ ಅವಳಿಗಿಂತ ಮೊದಲು ಹೇಳಿದಳು.

"ತೀರಿಕೊಂಡರು. ಮೂರು ವರ್ಷ ಆಯ್ತು."

ಮುದುಕರು ಟೋಪಿ ತೆಗೆದರು. "ತಡ ಮಾಡಿಬಿಟ್ಟೆ," ಎಂದರು.

"ಹೇಗಿರ್ತಿತ್ತು ಅವರ ಕೈ ಊಟ?" ಅಕ್ಕನ ದನಿ ಅವಳಿಗೇ ಕೇಳದಷ್ಟು ಸಣ್ಣಗಿತ್ತು.

ಅವರು ಒಲೆಯ ಕಡೆ ನೋಡಿದರು. "ಹೇಳೋಕೆ ಬರಲ್ಲ ತಾಯಿ. ತಿಂದಿದ್ರೆ ನಿಮಗೇ ಗೊತ್ತಾಗ್ತಿತ್ತು."

ಅವರು ಹೋದರು. ಮಗಳು ತಾಯಿಯ ಮುಖವನ್ನೇ ನೋಡುತ್ತ ನಿಂತಿದ್ದಳು. ಅಕ್ಕ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಆ ರುಚಿ ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದಳು. ಅವಳಿಗೂ ನೆನಪಾಗಲಿಲ್ಲ.