ಕೆಂಪಿಯ ಕೊರಳಿಗೆ ಕಟ್ಟಿದ ಹುಂಜ

ಆ ದಿನಗಳಲ್ಲಿ ನಮ್ಮೂರಿನಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿಯಲು ಮರದ ಕಡೆ ನೋಡಬೇಕಾಗಿರಲಿಲ್ಲ, ಮೂಗೇ ಹೇಳುತ್ತಿತ್ತು. ಮೂಡಣ ಗಾಳಿಯಾದರೆ ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ, ಪಡುವಣ ಗಾಳಿಯಾದರೆ ಕೋಳಿಪಣ್ಣೆಯ, ಅಂದರೆ ಕೋಳಿ ಫಾರಮ್ಮಿನ, ಹಿಕ್ಕೆಯ ನಾತ. ತಮಿಳುನಾಡಿನ ಪಲ್ಲಡದ ಸುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳಲ್ಲಂತೂ ಹಗಲೆಲ್ಲ ಪಡುವಣ ಗಾಳಿಯೇ. ಒಣಹಾಕಿದ ಪಾವಡೆ-ಲಂಗದಲ್ಲಿ ಕೋಳಿ, ಕುಡಿಯುವ ನೀರಿನಲ್ಲಿ ಕೋಳಿ, ಬಾಯಿಗಿಟ್ಟ ಸೋರಿನ ತುತ್ತಿನಲ್ಲೂ ಕೋಳಿ. ಬಂದ ನೆಂಟರು ಮೂಗು ಮುಚ್ಚಿಕೊಂಡರೆ ನಮಗೆ ನಗು. ನನಗಾಗ ಹತ್ತು ವರ್ಷ. ಹೇಸಿಗೆ ಎಂದರೆ ಏನೆಂದೇ ಗೊತ್ತಿರಲಿಲ್ಲ. ಅದನ್ನು ಕಲಿತದ್ದು ಅಂಥದೊಂದು ಆಡಿಯಲ್ಲಿ, ನಾನೇ ಸಾಕಿದ ನಾಯಿಯ ಮುಂದೆ ನಿಂತು.

ಮನೆಗೆ ಅಂಟಿಕೊಂಡಂತೆ ಅಪ್ಪನ ಮಗ್ಗದ ಶೆಡ್ಡು, ಅದರಲ್ಲಿ ಎಂಟು ಮಗ್ಗ. ಬೇಸಿಗೆಯಲ್ಲಿ ಯಾವುದೋ ಬೀದಿನಾಯಿ ಶೆಡ್ಡಿನ ಮೂಲೆಯ ಹತ್ತಿಚಿಂದಿಯ ಮೂಟೆಗಳ ಸಂದಿನಲ್ಲಿ ಮರಿ ಹಾಕಿತ್ತು. ಗಂಡುಮರಿಗಳನ್ನು ಕೆಲಸದವರು ಒಯ್ದರು. ಉಳಿದದ್ದು ಕೆಂಪು ಮೈಯ ಒಂದು ಹೆಣ್ಣು. ಅದು ನನ್ನದಾಯಿತು, ಹೆಸರು ಕೆಂಪಿ ಎಂದಾಯಿತು.

ಕೆಂಪಿಗೆ ನಾನು ಕಲಿಸಿದ್ದು ಒಂದೆರಡಲ್ಲ. ಕೂರು ಎಂದರೆ ಕೂರಬೇಕು. ಶೆಡ್ಡಿನ ಹೊಸಿಲು ದಾಟಬಾರದು. ಲಾಳಿಯಲ್ಲಿ ನೂಲು ಮುಗಿದು ಹೊರಬಿದ್ದ ಕಂಡಿಕೆ ಕಡ್ಡಿಯನ್ನು ಅಂಗಳಕ್ಕೆ ಎಸೆದರೆ ಕಚ್ಚಿ ತಂದು ನನ್ನ ಕಾಲ ಬಳಿ ಇಡಬೇಕು. ಮೂರು ವಾರದಲ್ಲಿ ಎಲ್ಲವನ್ನೂ ಕಲಿತಳು. ಮಗ್ಗದ ಗದ್ದಲದಲ್ಲಿ ಅಪ್ಪನ ಕೂಗು ನನಗೇ ಕೇಳಿಸುತ್ತಿರಲಿಲ್ಲ, ನನ್ನ ಕೂಗು ಮಾತ್ರ ಕೆಂಪಿಗೆ ಕೇಳಿಸುತ್ತಿತ್ತು. ನನಗೆ ಎಷ್ಟು ಜಂಬವಿತ್ತೆಂದರೆ, ಶಾಲೆಯಲ್ಲಿ ದಿನವೂ ಅದೇ ಮಾತು.

ಇನ್ನು ಅವಳ ಊಟ. ಪಣ್ಣೆಯಲ್ಲಿ ದಿನಕ್ಕಿಷ್ಟು ಕೋಳಿ ಸಾಯುತ್ತಿದ್ದವು, ಅವನ್ನು ಹಿಂದಿನ ಗುಂಡಿಗೆ ಸುರಿಯುತ್ತಿದ್ದರು. ನಾಯಿ ಸಾಕಿದವರು ಬೆಳಿಗ್ಗೆ ಹೋಗಿ ಕೇಳಿದರೆ ಕಾವಲುಗಾರ ಒಂದೋ ಎರಡೋ ಕೊಡುತ್ತಿದ್ದ. ಕಾಲು ಹಿಡಿದು ತೂಗಾಡಿಸಿಕೊಂಡು ಮನೆಗೆ ತರುವುದು, ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕೀಳುವುದು ನನ್ನ ಕೆಲಸ. ಅರಿಶಿನ ಹಾಕಿ ಬೇಯಿಸಿ ನುಚ್ಚಿಗೆ ಕಲಸುವುದು ಅವ್ವನದು. "ಬೇಯಿಸ್ದೆ ಹಾಕ್ಬ್ಯಾಡ ಅಮ್ಮಿಣಿ, ಹಸೀದ್ರ ರುಚಿ ಹತ್ತಬಾರ್ದು" ಎಂದು ಅವ್ವ ಮೊದಲ ದಿನವೇ ಹೇಳಿದ್ದಳು.

ಆದರೆ ಪುಕ್ಕ ಕೀಳುವುದು ಎಷ್ಟು ಕೊಳಕು ಕೆಲಸ ಎನ್ನುವುದು ಕಿತ್ತವರಿಗೇ ಗೊತ್ತು. ಒದ್ದೆ ಪುಕ್ಕ ಮೊಣಕೈವರೆಗೆ ಮೆತ್ತಿಕೊಳ್ಳುತ್ತದೆ, ಹಿಂದಿನ ದಿನ ಸತ್ತ ಕೋಳಿಯಾದರೆ ಹೊಟ್ಟೆಯ ಚರ್ಮ ಹಸಿರುಗಟ್ಟಿ ಬೆರಳಿಗೇ ಬಿಟ್ಟುಕೊಂಡು ಬರುತ್ತದೆ. ನನಗೆ ಸೋಮಾರಿತನ ಹತ್ತಿತು. ಎರಡು ಕೋಳಿ ಸಿಕ್ಕ ದಿನ ಒಂದನ್ನು ಅವ್ವನಿಗೆ ಕೊಟ್ಟು, ಇನ್ನೊಂದನ್ನು ಪುಕ್ಕದ ಸಮೇತ ಶೆಡ್ಡಿನ ಹಿಂದೆ ಒಯ್ಯತೊಡಗಿದೆ. ಅಲ್ಲಿ ಅದು ಆಟವೂ ಆಯಿತು. ಸತ್ತ ಕೋಳಿಯನ್ನು ಕಾಲು ಹಿಡಿದು ಬದುಕಿದ್ದರ ಹಾಗೆ ಪಟಪಟ ಆಡಿಸುವುದು, "ಹಿಡಿ!" ಎಂದು ಎಸೆಯುವುದು. ಕೆಂಪಿ ಹಾರಿ ಕತ್ತು ಕಚ್ಚಿ ಒದರಿ ಸೀಳುತ್ತಿದ್ದಳು. ಪುಕ್ಕ ಹಾರಾಡುತ್ತಿತ್ತು, ನಾನು ಚಪ್ಪಾಳೆ ತಟ್ಟುತ್ತಿದ್ದೆ.

ಆಡಿಯ ಒಂದು ಬೆಳಿಗ್ಗೆ ಕೆಂಪಿ ಬೇಲಿ ನುಸುಳಿ ಬಂದು, ಕಂಡಿಕೆ ಕಡ್ಡಿ ಇಡುವ ಹಾಗೆಯೇ ನನ್ನ ಕಾಲ ಬಳಿ ಏನನ್ನೋ ಇಟ್ಟು ಕೂತಳು. ಪಕ್ಕದ ಮನೆಯ ಪಾಪಾತ್ತಿ ಅತ್ತೆಯ ಹುಂಜ. ಮೈ ಇನ್ನೂ ಬಿಸಿ ಇತ್ತು. ನನ್ನ ಹೆಬ್ಬೆರಳ ಮೇಲೆ ರಕ್ತ ತೊಟ್ಟಿಕ್ಕಿತು. ಕೆಂಪಿ ಬಾಲ ಆಡಿಸುತ್ತ ನನ್ನ ಚಪ್ಪಾಳೆಗೆ ಕಾಯುತ್ತಿದ್ದಳು.

ಅದು ಕರುಪ್ಪರಾಯನಿಗೆ ಹರಕೆ ಹೊತ್ತು ಬಿಟ್ಟಿದ್ದ ಹುಂಜ. ಪಾಪಾತ್ತಿ ಅತ್ತೆ ಅಳಲಿಲ್ಲ, ಕೂಗಾಡಲಿಲ್ಲ. ಶೆಡ್ಡಿನ ಬಾಗಿಲಿಗೆ ಬಂದು ಅಪ್ಪನನ್ನು ಕರೆದು, "ಏನುಂಗಣ್ಣಾ, ಇನ್ನೊರು ಕೋಳಿ ಪೋಚ್ಚುಂಗನ್ನಾ ಮರುಂದು ವೆಚ್ಚಿರುವನುಂಗ" ಎಂದಳು. ಅಂದರೆ, ಇನ್ನೊಂದು ಕೋಳಿ ಹೋದರೆ ನಾಯಿಗೆ ಮರುಂದು, ವಿಷ, ಇಡುತ್ತಾಳೆ. ಬಾಳೆಯ ಬುಡಕ್ಕೆ ಹಾಕುವ ಹರಳುಮದ್ದು ಅವಳ ಮನೆಯಲ್ಲಿ ಯಾವಾಗಲೂ ಇರುತ್ತಿತ್ತು. ಅವಳು ಹೇಳಿದರೆ ಮಾಡುವವಳೇ.

ಅಪ್ಪ ಹುಂಜವನ್ನು ಕೈಗೆತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಹೊಡದ್ರ ಮರತ್ಬುಡ್ತದೆ. ಕಟ್ಟಾಕಿದ್ರ ಬಿಚ್ಕೊಂಡು ಓಡ್ತದೆ. ಇದನ್ನೇ ಅದರ ಕೊರಳಿಗೆ ಕಟ್ಬೇಕು. ಕೊಳ್ತು ತಾನಾಗಿ ಬೀಳೋಗಂಟ ಬಿಚ್ಬಾರ್ದು" ಎಂದರು.

"ಪಾವಂ ಅಪ್ಪಾ, ಪಾಪ ಅದು!"

"ಮರುಂದು ತಿಂದು ಸಾಯೋದು ಪಾವಂ ಅಲ್ವಾ? ನೀ ನಡುವೆ ಬಿಚ್ಚಿದ್ರ ಅದರ ಸಾವು ನಿನ್ನ ಮೇಲೆ."

ಕೋಳಿ ಹಿಡಿಯುವ ನಾಯಿಗೆ ನಮ್ಮ ಹಿರಿಯರು ಕಂಡುಕೊಂಡಿದ್ದ ಪಾಠ ಅದು. ಹಿರಿಯರು ಮಾಡಿದ್ದೆಲ್ಲ ಚಿನ್ನ ಎನ್ನುವವರು ಒಂದು ವಾರ ಅಂಥ ನಾಯಿಗೆ ಸೋರು ಹಾಕಿ ಬರಲಿ, ಆಮೇಲೆ ಮಾತಾಡೋಣ. ನಾನು ಆ ಹೊತ್ತಿನಲ್ಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. ನೂಲಿನ ಹಗ್ಗ ತಂದುಕೊಟ್ಟವಳೂ ನಾನೇ.

ಮೊದಲ ದಿನ ಕೆಂಪಿಗೆ ಅದು ಬಹುಮಾನ ಎನಿಸಿರಬೇಕು, ಕಟ್ಟಿಹಾಕಿದ್ದ ನುಗ್ಗೆಮರದ ಕೆಳಗೆ ಗತ್ತಿನಿಂದ ಕೂತಿದ್ದಳು. ಹುಂಜ ಬಾಯಿಗೆ ಎಟುಕದ ಹಾಗೆ ಅಪ್ಪ ಕೊರಳಿಗೆ ಗಂಟು ಹಾಕಿದ್ದರು. ಎರಡನೆಯ ದಿನ ನೊಣ ಬಂದವು. ಮೂರನೆಯ ದಿನ ಹುಂಜದ ಹೊಟ್ಟೆ ಉಬ್ಬಿತು. ನಾಲ್ಕನೆಯ ದಿನ ಅದು ಒಡೆದು ಕೆಂಪಿಯ ಎದೆಯ ಮೇಲೆಲ್ಲ ಇಳಿಯಿತು, ಹುಳುಗಳು ಅವಳ ಕೂದಲ ಸಂದಿಯಲ್ಲಿ ಹರಿದಾಡಿದವು. ಅದುವರೆಗೆ ಪಣ್ಣೆಯ ನಾತವನ್ನೇ ಉಸಿರಾಡಿ ಬೆಳೆದ ನಾನು ಮೂಗಿಗೆ ಪಾವಡೆ ಒತ್ತಿಕೊಂಡು, ಕೋಲಿನಿಂದ ತಟ್ಟೆ ಮುಂದಕ್ಕೆ ತಳ್ಳಿ ಓಡಿ ಬಂದೆ. ಆ ದಿನ ಉಂಡದ್ದೆಲ್ಲ ವಾಂತಿಯಾಯಿತು.

ಐದನೆಯ ದಿನ ಮರಕ್ಕೆ ಕಟ್ಟಿದ ಹಗ್ಗ ಜಗ್ಗಿ ಜಗ್ಗಿ ಸಡಿಲವಾಗಿತ್ತೋ ಏನೋ, ಕೆಂಪಿ ಬಿಡಿಸಿಕೊಂಡಳು. ಪಾಪಾತ್ತಿ ಅತ್ತೆಯ ಕೋಳಿಗಳ ಕಡೆ ಹೋಗಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಒಂದು ಕಂಡಿಕೆ ಕಡ್ಡಿ ಹುಡುಕಿ, ಕೊಳೆತದ್ದನ್ನು ನೆಲದ ಮೇಲೆ ಎಳೆಯುತ್ತ, ಜಗಲಿಯ ಮೇಲೆ ಕೂತಿದ್ದ ನನ್ನ ಬಳಿ ಬಂದಳು. ಕಡ್ಡಿಯನ್ನು ಕಾಲ ಬಳಿ ಇಟ್ಟಳು. ಆಮೇಲೆ ತಲೆಯನ್ನು ನನ್ನ ಮಡಿಲಿಗೆ ತಂದಳು.

"ಛೀ! ಹೋಗು ಅತ್ಲಾಗೆ!" ಎಂದು ಪಕ್ಕದಲ್ಲಿದ್ದ ಪೊರಕೆಯಿಂದ ಮುಖಕ್ಕೇ ಹೊಡೆದೆ. ಒಂದಲ್ಲ, ಮೂರು ಸಲ. ಕೆಂಪಿ ಕುಂಯ್ ಎನ್ನಲಿಲ್ಲ. ಹಿಂದೆ ಹಿಂದೆ ಸರಿದು ನುಗ್ಗೆಮರದ ಕೆಳಗೆ ತಾನೇ ಹೋಗಿ ಕೂತಳು.

ಏಳನೆಯ ದಿನ ಅದು ಕಳಚಿ ಬಿತ್ತು. ಬೇವಿನ ನೀರು ಕಾಯಿಸಿ, ಬಟ್ಟೆ ಸೋಪು ಹಚ್ಚಿ ಉಜ್ಜಿದ್ದು ಅವ್ವ. ನನ್ನನ್ನು ಕರೆದಳು, ನಾನು ಹೋಗಲಿಲ್ಲ.

ಪಾಠ ಸರಿಯಾಗಿಯೇ ಹತ್ತಿತು. ಆಮೇಲೆ ಕೋಳಿ ಕಂಡರೆ ಕೆಂಪಿ ಮುಖ ತಿರುಗಿಸುತ್ತಿದ್ದಳು. ಪಾಪಾತ್ತಿ ಅತ್ತೆಯೇ ಮೆಚ್ಚಿ ಹಳೇ ಸೋರು ತಂದು ಹಾಕುತ್ತಿದ್ದಳು. ಆದರೆ ನಾನು ಕಡ್ಡಿ ಎಸೆದರೆ ಅದನ್ನೂ ನೋಡುತ್ತಿರಲಿಲ್ಲ. ಕರೆದರೆ ಬರುತ್ತಿದ್ದಳು, ಹತ್ತು ಅಡಿ ದೂರದಲ್ಲಿ ನಿಲ್ಲುತ್ತಿದ್ದಳು. ನಾನು ಮುಂದೆ ಹೋದರೆ ಅಷ್ಟೇ ಹಿಂದೆ ಸರಿಯುತ್ತಿದ್ದಳು. ನಾನಿಟ್ಟ ತಟ್ಟೆಗೆ ನಾನು ಒಳಗೆ ಹೋದ ಮೇಲೆಯೇ ಬಾಯಿ ಹಾಕುವುದು. ಹಾಗೆಯೇ ಒಂಬತ್ತು ವರ್ಷ ಬದುಕಿ ಸತ್ತಳು. ಅಷ್ಟು ವರ್ಷದಲ್ಲಿ ನನ್ನ ಕೈ ಅವಳ ತಲೆಯ ಮೇಲೆ ಒಮ್ಮೆಯೂ ಬೀಳಲಿಲ್ಲ.

ಮದುವೆಯಾಗಿ ಚಾಮರಾಜನಗರಕ್ಕೆ ಬಂದೆ, ಮನೆಯಲ್ಲಿ ಬರೀ ಮಾತಾಗಿದ್ದ ಕನ್ನಡದ ಅಕ್ಷರವನ್ನು ಇಲ್ಲಿಯೇ ಕಲಿತೆ. ಹೋದ ಆಡಿಯಲ್ಲಿ ಊರಿಗೆ ಹೋಗಿದ್ದೆ. ಅಪ್ಪ ಇಲ್ಲ. ಮಗ್ಗಗಳನ್ನು ಗುಜರಿಗೆ ಹಾಕಿ ಶೆಡ್ಡು ಖಾಲಿಯಾಗಿದೆ. ಹಳೆಯ ಪಣ್ಣೆ ಮುಚ್ಚಿ ಅಲ್ಲಿ ಸೈಟು ಮಾಡಿದ್ದಾರೆ, ಗಾಳಿಗೆ ಯಾವ ವಾಸನೆಯೂ ಇಲ್ಲ. ಪಾಪಾತ್ತಿ ಅತ್ತೆಯ ಅಂಗಳದಲ್ಲಿ ಕೋಳಿಯಿಲ್ಲ, ನಮ್ಮದರಲ್ಲಿ ನಾಯಿಯಿಲ್ಲ. ಅವ್ವ ಜಗಲಿಯಲ್ಲಿ ಕೂತು ಸಣ್ಣ ಈರುಳ್ಳಿ ಸುಲಿಯುತ್ತಿದ್ದಳು. ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಆ ಮಧ್ಯಾಹ್ನ ಹೇಳಿಬಿಟ್ಟೆ. ಪುಕ್ಕದ ಕೋಳಿ, ಶೆಡ್ಡಿನ ಹಿಂದಿನ ಆಟ, ಎಲ್ಲವನ್ನೂ.

ಅವ್ವ ಕೈ ನಿಲ್ಲಿಸಲಿಲ್ಲ. "ಗೊತ್ತಿತ್ತು ಅಮ್ಮಿಣಿ. ಶೆಡ್ಡಿನ ಹಿಂದ ಪುಕ್ಕ ಗುಡಿಸ್ತಿದ್ದವಳು ನಾನ್ತಾನೆ."

"ಮತ್ತೆ ಅಪ್ಪನಿಗೆ ಯಾಕ ಹೇಳ್ಲಿಲ್ಲ?"

"ಹೇಳಿದ್ರ? ನಿನ್ನ ಕೊರಳಿಗೆ ಕಟ್ಟಕ್ಕಾಗ್ತಿತ್ತಾ?"

ಹೀಗೆಂದು ಅವ್ವ ಇನ್ನೊಂದು ಹಿಡಿ ಈರುಳ್ಳಿ ಮೊರಕ್ಕೆ ಸುರಿದುಕೊಂಡಳು. ನಾನು ಎದ್ದು ನುಗ್ಗೆಮರದವರೆಗೆ ಹೋದೆ. ಅವ್ವನಿಗೆ ಬೆನ್ನು ಮಾಡಿ ನಿಂತು ನನ್ನ ಎರಡೂ ಕೈ ಮೂಸಿ ನೋಡಿಕೊಂಡೆ.